ಮರೆತುಹೋದ ಹೀರೋನ ಕಥೆಯನ್ನು ಸಿನಿಮಾಕ್ಕೆ ಬರೆಯುವುದು ಹೇಗೆ

ಒಂದು ಕಾಲಕ್ಕೆ ಕೆಂಪೇಗೌಡ ರಸ್ತೆಯಲ್ಲಿ ಕಟೌಟ್ ನಿಂತಿದ್ದ ಹೀರೋ. ಈಗ ಫೋನ್ ಮಾಡುವವರಿಲ್ಲ. ಇನ್ನೊಂದು ಸಲ ಬಣ್ಣ ಹಚ್ಚಬೇಕು, ಜನ ಮತ್ತೆ ನೋಡಬೇಕು ಅಂತ ಒಳಗೊಳಗೇ ಒದ್ದಾಡುತ್ತಿದ್ದಾನೆ. ಈ ಎಳೆ ಬೆಂಗಳೂರಿನಲ್ಲಿ ಸ್ಕ್ರಿಪ್ಟ್ ಬರೆಯುವ ಬಹಳ ಜನರ ನೋಟ್‌ಬುಕ್‌ನಲ್ಲಿದೆ. ಶಾರ್ಟ್ ಫಿಲ್ಮ್ ಮಾಡುವ ಹುಡುಗರ ಹತ್ತಿರ ಇದೆ, ಗಾಂಧಿನಗರದಲ್ಲಿ ಮೊದಲ ಸಿನಿಮಾಕ್ಕೆ ಪ್ರೊಡ್ಯೂಸರ್ ಹುಡುಕುತ್ತಿರುವವರ ಹತ್ತಿರವೂ ಇದೆ. ಎಳೆ ಒಳ್ಳೆಯದೇ. ಆದರೆ ಬರೆಯಲು ಕೂತರೆ ಇಪ್ಪತ್ತು ಪುಟದಲ್ಲಿ ಗೋಳಾಗಿಬಿಡುತ್ತದೆ. ನಾನು ಅಸಿಸ್ಟೆಂಟ್ ಡೈರೆಕ್ಟರ್ ಆಗಿ ಕೆಲಸ ಮಾಡಿದವನು, ಈಗ ಬೇರೆಯವರ ಸ್ಕ್ರಿಪ್ಟ್ ತಿದ್ದಲು ಅವರ ಜೊತೆ ಕೂರುತ್ತೇನೆ. ಈ ಥರದ ಕಥೆ ಗೋಳಾಗದ ಹಾಗೆ ಬರೆಯಲು ಏನು ಮಾಡಬೇಕು ಅಂತ ನನಗೆ ತಿಳಿದಷ್ಟು ಹೇಳುತ್ತೇನೆ.

ನಾನು ಹೇಳಬೇಕಾಗಿರುವುದು ಒಂದೇ. ಅವನ ದುಃಖ ಬರೆಯಬೇಡಿ, ಅವನ ಕೆಲಸ ಬರೆಯಿರಿ. ನಟ ಅಂದರೆ ಒಂದು ಕಸುಬು ಕಲಿತ ಮನುಷ್ಯ. ಆ ಕಸುಬು ಏನು, ಅದನ್ನು ಅವನು ಎಷ್ಟು ಚೆನ್ನಾಗಿ ಮಾಡುತ್ತಿದ್ದ, ಈಗ ಅದೇ ಕಸುಬು ಯಾಕೆ ಸಾಲುತ್ತಿಲ್ಲ. ಇದು ಪರದೆ ಮೇಲೆ ಕಂಡರೆ ನೋಡುವವರಿಗೆ ಉಳಿದದ್ದೆಲ್ಲ ತಾನಾಗಿಯೇ ತಿಳಿಯುತ್ತದೆ.

ಮೊದಲು ಲೆಕ್ಕ ಹಾಕಿ

ಬರೆಯಲು ಶುರು ಮಾಡುವ ಮೊದಲು ಅವನ ಜೀವನದ ಇಸವಿಗಳನ್ನು ಒಂದು ಹಾಳೆ ಮೇಲೆ ಬರೆದುಕೊಳ್ಳಿ. "ಹಳೇ ಹೀರೋ" ಅಂದರೆ ಏನೂ ಹೇಳಿದಂತಾಗಲಿಲ್ಲ. 1960ರಲ್ಲಿ ಹುಟ್ಟಿದವನು ಅಂದುಕೊಳ್ಳಿ. 1983ರಲ್ಲಿ ಮೊದಲ ಪಾತ್ರ, ಅದೂ ಹೀರೋ ತಮ್ಮನಾಗಿ. 1986ರಿಂದ ಒಂದೈದಾರು ವರ್ಷ ಚೆನ್ನಾಗಿ ಓಡಿದ. ಅಲ್ಲಿಗೆ ನಿಮ್ಮ ಕೈಗೆ ಎಷ್ಟು ವಿಷಯ ಸಿಕ್ಕಿತು ನೋಡಿ. ಕನ್ನಡ ಚಿತ್ರರಂಗ ಮದ್ರಾಸಿನಿಂದ ಪೂರ್ತಿ ಬೆಂಗಳೂರಿಗೆ ಬಂದು ನೆಲೆ ನಿಲ್ಲುತ್ತಿದ್ದ ಕಾಲ ಅದು, ಹಾಗಾಗಿ ಅವನ ಮೊದಮೊದಲ ಡಬ್ಬಿಂಗ್ ಮದ್ರಾಸಿನಲ್ಲೇ ಆಗಿರುತ್ತದೆ. ರಾತ್ರಿ ರೈಲಿನಲ್ಲಿ ಹೋಗಿ ಬಂದಿರುತ್ತಾನೆ. 1994ರಲ್ಲಿ ಉದಯ ಟಿವಿ ಶುರುವಾದಾಗ ಅವನಿಗೆ 34 ವಯಸ್ಸು. ಸಿನಿಮಾದವರು ಸೀರಿಯಲ್ ಮಾಡುವುದು ಅವಮಾನ ಅಂತ ಅವನು ಆಗ ಅಂದುಕೊಂಡಿದ್ದರೆ ಆ ಒಂದು ನಿರ್ಧಾರದಿಂದಲೇ ಅರ್ಧ ಕಥೆ ಹುಟ್ಟುತ್ತದೆ, ಯಾಕೆಂದರೆ ಜೊತೆಗಿದ್ದ ಪೋಷಕ ನಟರು ಸೀರಿಯಲ್‌ಗೆ ಹೋಗಿ ಮನೆ ಕಟ್ಟಿಕೊಂಡರು, ಇವನು ಕಾಯುತ್ತಾ ಕೂತ.

ಅವನು ಕೆಳಗೆ ಬಂದದ್ದು ಯಾಕೆ? ಇದಕ್ಕೆ ಒಂದೇ ಒಂದು ಕಾರಣ ಆರಿಸಿಕೊಳ್ಳಿ. ಕುಡಿತ ಬೇಡ. ಕುಡಿತ ಅಂದ ಕೂಡಲೇ ನೋಡುವವರಿಗೆ ಮುಂದಿನದೆಲ್ಲ ಗೊತ್ತಾಗಿಬಿಡುತ್ತದೆ. ನಿಜವಾದ ಕಾರಣಗಳು ಇದಕ್ಕಿಂತ ಚಿಕ್ಕವು, ಅದಕ್ಕೇ ಜಾಸ್ತಿ ನೋವು ಕೊಡುವಂಥವು. ಇವನನ್ನೇ ಹಾಕಿಕೊಂಡು ಸಿನಿಮಾ ಮಾಡುತ್ತಿದ್ದ ಒಬ್ಬ ಪ್ರೊಡ್ಯೂಸರ್ ತೀರಿಕೊಂಡರು, ಮಕ್ಕಳು ಆಫೀಸ್ ಮುಚ್ಚಿ ಜಾಗ ಬಾಡಿಗೆಗೆ ಕೊಟ್ಟರು. ಅಥವಾ ಜೋಡಿಯಾಗಿದ್ದ ಡೈರೆಕ್ಟರ್ ಜೊತೆ ಯಾವುದೋ ಪೋಸ್ಟರಿನಲ್ಲಿ ಹೆಸರು ಚಿಕ್ಕದಾಯಿತು ಅಂತ ಮಾತು ಬಿಟ್ಟ. ಅಥವಾ 45ಕ್ಕೆ ಅಣ್ಣನ ಪಾತ್ರ ಬಂದಾಗ ಒಲ್ಲೆ ಅಂದ. ಆಮೇಲೆ ಅಪ್ಪನ ಪಾತ್ರವೂ ಬರಲಿಲ್ಲ. ಅಣ್ಣನ ಪಾತ್ರ ಒಲ್ಲೆ ಅಂದವನ ಹತ್ತಿರ ಅಪ್ಪನ ಪಾತ್ರ ತಗೊಂಡು ಹೋಗಲು ಯಾವ ಮ್ಯಾನೇಜರಿಗೂ ಧೈರ್ಯ ಬರುವುದಿಲ್ಲ. ಇಂಡಸ್ಟ್ರಿಯಲ್ಲಿ ಮಾತು ಹೀಗೇ ಹರಡುತ್ತದೆ: "ಅವರು ಒಪ್ಪಲ್ಲ ಬಿಡಿ ಸರ್." ಈ ಒಂದು ಮಾತು ಹತ್ತು ವರ್ಷ ಒಬ್ಬನನ್ನು ಮನೆಯಲ್ಲಿ ಕೂರಿಸಬಲ್ಲದು.

ಇನ್ನೊಂದು ವಿಷಯ ಇಲ್ಲೇ ತೀರ್ಮಾನ ಮಾಡಿಕೊಳ್ಳಿ. ತಾನಾಗಿ ಬಿಡುವು ತಗೊಂಡು ಮರಳಿ ಬರುವುದು ಬೇರೆ, ಕೇಳುವವರೇ ಇಲ್ಲದಾಗಿ ಮತ್ತೆ ಬಾಗಿಲು ತಟ್ಟುವುದು ಬೇರೆ. ಡಾ. ರಾಜ್‌ಕುಮಾರ್ 1989ರ ನಂತರ ಮೂರು ವರ್ಷ ಬಿಟ್ಟು 1992ರಲ್ಲಿ 'ಜೀವನ ಚೈತ್ರ'ದಲ್ಲಿ ಬಂದರು. ಅಲ್ಲಿ ಜನ ಕಾಯುತ್ತಿದ್ದರು. ಅದೇ ಸಿನಿಮಾದ ಹಾಡಿಗೆ ಗಾಯಕರಾಗಿ ರಾಷ್ಟ್ರಪ್ರಶಸ್ತಿಯೂ ಬಂತು. ನಿಮ್ಮ ನಾಯಕನಿಗಾಗಿ ಯಾರೂ ಕಾಯುತ್ತಿಲ್ಲ. ಈ ವ್ಯತ್ಯಾಸ ಮನಸ್ಸಿನಲ್ಲಿ ಇಲ್ಲದಿದ್ದರೆ ಕೊನೆಯ ಸೀನಿನಲ್ಲಿ ಶಿಳ್ಳೆ, ಹಾಲಿನ ಅಭಿಷೇಕ ಎಲ್ಲ ಹಾಕಿಬಿಡುತ್ತೀರಿ. ಅದು ಯಾವ ಜನ, ಎಲ್ಲಿಂದ ಬಂದರು ಅಂತ ಯಾರಾದರೂ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಯಾರನ್ನು ಮಾತಾಡಿಸಬೇಕು

ಸ್ಟಾರ್‌ಗಳನ್ನು ಹುಡುಕಿಕೊಂಡು ಹೋಗಬೇಡಿ. ಅವರು ಸಂದರ್ಶನಕ್ಕೆ ಹೇಳುವ ಮಾತನ್ನೇ ನಿಮಗೂ ಹೇಳುತ್ತಾರೆ. ಮೇಕಪ್ ಮ್ಯಾನ್, ಕಾಸ್ಟ್ಯೂಮರ್, ಪ್ರೊಡಕ್ಷನ್ ಮ್ಯಾನೇಜರ್, ಡಬ್ಬಿಂಗ್ ಸ್ಟುಡಿಯೋದ ಎಂಜಿನಿಯರ್, ಇವರನ್ನು ಹಿಡಿಯಿರಿ. ಒಬ್ಬ ಹೀರೋಗೆ ಸೊಂಟದ ಅಳತೆ ಯಾವ ವರ್ಷ ಎಷ್ಟಿತ್ತು ಅಂತ ಕಾಸ್ಟ್ಯೂಮರಿಗೆ ಗೊತ್ತಿರುತ್ತದೆ. ಯಾವ ನಟ ತಿಂಡಿಗೆ ಮೊದಲು ಡೈಲಾಗ್ ಪೇಪರ್ ಕೇಳುತ್ತಿದ್ದ, ಯಾರು ಶಾಟ್ ರೆಡಿ ಅಂದ ಮೇಲೆ ಕೇಳುತ್ತಿದ್ದರು ಅಂತ ಹಳೆಯ ಕೋ-ಡೈರೆಕ್ಟರಿಗೆ ಗೊತ್ತಿರುತ್ತದೆ. ರವೀಂದ್ರ ಕಲಾಕ್ಷೇತ್ರದ ಹಿಂದೆ, ಸಂಸ ಬಯಲು ರಂಗಮಂದಿರದ ಆಸುಪಾಸಿನಲ್ಲಿ ಸಂಜೆ ಹೊತ್ತು ಸುಮ್ನೆ ಕೂತರೂ ನಾಟಕ, ಸೀರಿಯಲ್, ಸಿನಿಮಾ ಮೂರೂ ಕಂಡವರು ಸಿಗುತ್ತಾರೆ. ಬನಶಂಕರಿಯ ಸುಚಿತ್ರ ಫಿಲ್ಮ್ ಸೊಸೈಟಿಯಲ್ಲಿ ಸಿನಿಮಾ ನೋಡಲು ಬರುವ ಹಿರಿಯರಲ್ಲೂ ನೆನಪು ಬೇಕಾದಷ್ಟಿದೆ. 'ರೂಪತಾರಾ', 'ವಿಜಯಚಿತ್ರ'ದಂಥ ಸಿನಿಮಾ ಪತ್ರಿಕೆಗಳ ಹಳೆಯ ಸಂಚಿಕೆ ಎಲ್ಲಾದರೂ ಸಿಕ್ಕರೆ ಸಂದರ್ಶನ ಬಿಟ್ಟು ಜಾಹೀರಾತು ನೋಡಿ, ಓದುಗರ ಪತ್ರ ನೋಡಿ. ಆ ಕಾಲದ ಅಭಿಮಾನಿ ಹೇಗೆ ಮಾತಾಡುತ್ತಿದ್ದ ಅಂತ ಅಲ್ಲಿ ಸಿಗುತ್ತದೆ.

ಕೇಳುವ ಪ್ರಶ್ನೆಯೂ ಮುಖ್ಯ. "ಬೇಜಾರಾಗುತ್ತಾ ಸರ್?" ಅಂತ ಕೇಳಿದರೆ "ಇಲ್ಲಪ್ಪ, ದೇವರು ಚೆನ್ನಾಗಿಟ್ಟಿದ್ದಾನೆ" ಅಂತಾರೆ, ಅಲ್ಲಿಗೆ ಮುಗಿಯಿತು. "ಆಗ ಒಂದು ದಿನಕ್ಕೆ ಎಷ್ಟು ಸೀನ್ ತೆಗೀತಿದ್ರಿ, ಮೊದಲ ಶಾಟ್ ಎಷ್ಟು ಹೊತ್ತಿಗೆ, ಅಳೋ ಸೀನಿಗೆ ಗ್ಲಿಸರಿನ್ ಹಾಕ್ತಿದ್ರಾ" ಅಂತ ಕೇಳಿ. ಮಾತು ನಿಲ್ಲುವುದೇ ಇಲ್ಲ.

ಕಥೆಯ ಗಟ್ಟಿ ಜಾಗ: ಸೆಟ್ಟು ಬದಲಾಗಿದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನನ್ನ ಪ್ರಕಾರ ಈ ಥರದ ಕಥೆಯಲ್ಲಿ ಯಾರೂ ಸರಿಯಾಗಿ ಮುಟ್ಟದ ಜಾಗ ಇದು.

ಹಳೆಯ ನಟ ಇಪ್ಪತ್ತು ವರ್ಷದ ಮೇಲೆ ಸೆಟ್ಟಿಗೆ ಬಂದರೆ ಅವನಿಗೆ ಎದುರಾಗುವ ಮೊದಲ ಕಷ್ಟ ವಯಸ್ಸಿನದ್ದೂ ಅಲ್ಲ, ಅಹಂಕಾರದ್ದೂ ಅಲ್ಲ. ಪ್ರಾಂಪ್ಟಿಂಗ್ ಇಲ್ಲ, ಅಂದರೆ ಪಕ್ಕದಿಂದ ಡೈಲಾಗ್ ಹೇಳಿಕೊಡುವವರಿಲ್ಲ. ಹಿಂದೆ ನಮ್ಮಲ್ಲಿ ಬಹುಪಾಲು ಸಿನಿಮಾ ಶಬ್ದ ಆಮೇಲೆ ಸೇರಿಸುವ ಲೆಕ್ಕದಲ್ಲೇ ಶೂಟ್ ಆಗುತ್ತಿತ್ತು. ಕ್ಯಾಮೆರಾನೇ ಗರಗರ ಅನ್ನುತ್ತಿತ್ತು, ಲೈಟ್ ಬಾಯ್‌ಗಳು ಮಾತಾಡುತ್ತಿದ್ದರು, ಹೊರಗೆ ಬಸ್ಸಿನ ಹಾರ್ನ್. ಯಾವುದೂ ಲೆಕ್ಕಕ್ಕಿಲ್ಲ, ಮಾತನ್ನು ಡಬ್ಬಿಂಗ್‌ನಲ್ಲಿ ಹೇಳಿದರಾಯಿತು. ಹಾಗಾಗಿ ಅಸಿಸ್ಟೆಂಟ್ ಒಬ್ಬ ಫ್ರೇಮಿನ ಆಚೆ, ಕ್ಯಾಮೆರಾ ಪಕ್ಕ ನಿಂತು ಡೈಲಾಗನ್ನು ತುಂಡುತುಂಡಾಗಿ ಜೋರಾಗಿ ಓದುತ್ತಿದ್ದ. ನಟ ಕೇಳಿಸಿಕೊಂಡು ಹೇಳುತ್ತಿದ್ದ.

ಇದನ್ನು ಕೀಳಾಗಿ ನೋಡಬೇಡಿ. ನಾನು ಪ್ರಾಂಪ್ಟ್ ಮಾಡಿದ್ದೇನೆ, ಹತ್ತಿರದಿಂದ ನೋಡಿದ್ದೇನೆ. ಒಳ್ಳೆಯ ನಟನ ಕಿವಿ ನಮ್ಮ ಕಡೆ ಇರುತ್ತದೆ, ಕಣ್ಣು ಎದುರಿನ ಪಾತ್ರದ ಮೇಲಿರುತ್ತದೆ, ರೆಪ್ಪೆ ಕೂಡ ನಮ್ಮ ಕಡೆ ಅಲುಗುವುದಿಲ್ಲ. ಅವರು ಒಂದು ತುಂಡು ಹೇಳಿ ಉಸಿರು ತಗೊಳ್ಳುವ ಆ ಸಂದಿನಲ್ಲಿ ನಾವು ಮುಂದಿನ ತುಂಡು ಕೊಟ್ಟುಬಿಡಬೇಕು. ಒಂದು ಕ್ಷಣ ಬೇಗ ಕೊಟ್ಟರೆ ಅವರ ಮಾತಿನ ಮೇಲೆ ಬೀಳುತ್ತದೆ, ತಡವಾಗಿ ಕೊಟ್ಟರೆ ಮುಖದಲ್ಲಿ ಕಾಯುವುದು ಕಾಣುತ್ತದೆ. ಕೆಲವರು ಆ ಕಾಯುವುದನ್ನೇ ಪಾತ್ರದ ಯೋಚನೆ ಮಾಡಿಬಿಡುತ್ತಿದ್ದರು. ಡೈಲಾಗ್ ಬರಲಿಲ್ಲ ಅಂತ ನಮಗೆ ಮಾತ್ರ ಗೊತ್ತು, ಕ್ಯಾಮೆರಾಗೆ ಗೊತ್ತಿಲ್ಲ. ಇದು ವರ್ಷಗಟ್ಟಲೆ ಪಳಗಿದ ಕಲೆ. ಇಬ್ಬರ ಕೆಲಸ ಅದು.

ಈಗ ಬಹಳ ಕಡೆ ಸಿಂಕ್ ಸೌಂಡ್, ಅಂದರೆ ಶೂಟ್ ಆಗುವಾಗಲೇ ಮಾತನ್ನೂ ರೆಕಾರ್ಡ್ ಮಾಡುವುದು. "ಸೈಲೆನ್ಸ್" ಅಂತ ಕೂಗಿದ ಮೇಲೆ ಫ್ಯಾನ್ ಕೂಡ ಆಫ್. ಶರ್ಟಿನೊಳಗೆ ಮೈಕ್, ತಲೆ ಮೇಲೆ ಕೋಲಿಗೆ ಕಟ್ಟಿದ ಬೂಮ್ ಮೈಕ್. ಪ್ರಾಂಪ್ಟ್ ಮಾಡಿದರೆ ಆ ದನಿಯೂ ರೆಕಾರ್ಡ್ ಆಗುತ್ತದೆ. ಮಾತು ಪೂರ್ತಿ ಬಾಯಿಪಾಠ ಇರಬೇಕು. ನಿಮ್ಮ ನಾಯಕನಿಗೆ ಮರೆವಿನ ಕಾಯಿಲೆ ಇಲ್ಲ. ಎರಡು ಪುಟ ಬಾಯಿಪಾಠ ಮಾಡಿ ಒಂದೇ ಉಸಿರಿಗೆ ಹೇಳುವ ಅಭ್ಯಾಸವೇ ಅವನಿಗೆ ಆಗಿಲ್ಲ. ಅವನ ಕಸುಬಿಗೆ ಅದು ಬೇಕಾಗಿರಲಿಲ್ಲ. ಅರವತ್ತು ದಾಟಿದ ಮೇಲೆ ಅದನ್ನು ಕಲಿಯಲು ಕೂರುತ್ತಾನೆ ಅಂದರೆ ಅಲ್ಲಿ ನಿಮಗೆ ಒಂದು ಸಿನಿಮಾ ಸಿಕ್ಕಿತು.

ಕಲಿಯುವ ಸೀನ್ ಹೀಗೆ ಬರೆಯಬಹುದು. ಅಡುಗೆಮನೆ. ಹೆಂಡತಿ ಹುರುಳಿಕಾಯಿ ಹೆಚ್ಚುತ್ತಿದ್ದಾರೆ, ಪಕ್ಕದಲ್ಲಿ ಡೈಲಾಗ್ ಪೇಪರ್ ಉಪ್ಪಿನ ಡಬ್ಬಿಗೆ ಒರಗಿಸಿಟ್ಟಿದೆ. ಎದುರು ಪಾತ್ರದ ಮಾತನ್ನು ಅವರು ಓದುತ್ತಾರೆ, ಕೈ ನಿಲ್ಲಿಸದೆ, ಪತ್ರಿಕೆ ಓದುವ ದನಿಯಲ್ಲಿ. ಇವನು ಉತ್ತರ ಹೇಳುತ್ತಾನೆ, ಪೂರ್ತಿ ಭಾವ ಹಾಕಿ.

"ರೀ, 'ಆದರೂ ನಾನು' ಅಂತ ಇದೆ. 'ಆದರೂ' ಬಿಟ್ರಿ."

"ಅದು ಮುಖ್ಯ ಅಲ್ಲ ಕಣೇ, ಅರ್ಥ ಬಂತಲ್ಲ."

"ಬರೆದೋರಿಗೆ ಮುಖ್ಯ ಇರಬೇಕು. ಮತ್ತೆ ಹೇಳಿ."

ಇಷ್ಟರಲ್ಲೇ ಆ ಗಂಡ ಹೆಂಡತಿ ನಲವತ್ತು ವರ್ಷ ಹೇಗೆ ಬದುಕಿದರು ಅಂತ ಗೊತ್ತಾಗುತ್ತದೆ. ಅವಳು ಅವನ ಮೇಲೆ ಕನಿಕರ ತೋರಿಸುವ ಒಂದು ಸಾಲೂ ಬೇಕಾಗಿಲ್ಲ.

ಎರಡನೆಯದು, ಟೇಕ್. ಫಿಲ್ಮ್ ಕಾಲದಲ್ಲಿ 400 ಅಡಿ ರೋಲ್ ಅಂದರೆ ನಾಲ್ಕೂವರೆ ನಿಮಿಷಕ್ಕೂ ಕಡಿಮೆ. ನೆಗೆಟಿವ್ ದುಬಾರಿ. ಪ್ರೊಡ್ಯೂಸರ್ ಸೆಟ್ಟಿನಲ್ಲಿದ್ದರೆ ಮೂರನೇ ಟೇಕಿಗೆ ಎದ್ದು ನಿಲ್ಲುತ್ತಿದ್ದರು. "ಸಿಂಗಲ್ ಟೇಕ್ ಆರ್ಟಿಸ್ಟ್" ಅನ್ನುವುದು ಆಗಿನ ದೊಡ್ಡ ಬಿರುದು. ಇವನಿಗೆ ಅದರ ಮೇಲೆ ನಿಜವಾದ ಹೆಮ್ಮೆ ಇದೆ, ಇರಬೇಕಾದದ್ದೇ. ಈಗಿನ ಹುಡುಗ ಡೈರೆಕ್ಟರಿಗೆ ಮೆಮೊರಿ ಕಾರ್ಡ್ ಇದೆ, ಹತ್ತು ಟೇಕ್ ತಗೊಂಡು ಎಡಿಟಿಂಗ್‌ನಲ್ಲಿ ಆರಿಸಿಕೊಳ್ಳುವ ಅಭ್ಯಾಸ ಇದೆ.

"ಸೂಪರ್ ಸರ್! ಇನ್ನೊಂದು ಮಾಡೋಣ."

"ಏನು ತಪ್ಪಾಯ್ತು?"

"ಏನೂ ಇಲ್ಲ ಸರ್, ಸೇಫ್ಟಿಗೆ."

ಐದನೇ ಸಲಕ್ಕೆ ಇವನು ಪಕ್ಕದಲ್ಲಿರುವ ಅಸಿಸ್ಟೆಂಟ್ ಹುಡುಗಿಯನ್ನು ಮೆಲ್ಲಗೆ ಕೇಳುತ್ತಾನೆ: "ಸೂಪರ್ ಅಂದ್ರಲ್ಲಮ್ಮ. ಮತ್ತೆ ಯಾಕೆ?" ಅವಳಿಗೆ ಅವನ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಇಲ್ಲಿ ಯಾರೂ ಕೆಟ್ಟವರಲ್ಲ ಅನ್ನುವುದು ನನಗೆ ತುಂಬಾ ಇಷ್ಟ. ಡೈರೆಕ್ಟರ್ ಗೌರವದಿಂದಲೇ ಮಾತಾಡುತ್ತಿದ್ದಾನೆ, ಇವನು ಅವಮಾನವನ್ನೇ ಕೇಳಿಸಿಕೊಳ್ಳುತ್ತಿದ್ದಾನೆ. ಇಬ್ಬರ ನಡುವೆ ಮೂವತ್ತು ವರ್ಷದ ತಂತ್ರಜ್ಞಾನ ನಿಂತಿದೆ.

ಮೂರನೆಯದು ಮಾನಿಟರ್. ಮೊದಲು ಡೈರೆಕ್ಟರ್ ಕ್ಯಾಮೆರಾ ಪಕ್ಕದಲ್ಲೇ ಕೂರುತ್ತಿದ್ದರು. ಕಟ್ ಅಂದ ಕೂಡಲೇ ನಟ ಅವರ ಮುಖ ನೋಡುತ್ತಿದ್ದ. ಆ ಮುಖದಲ್ಲಿ ಎಲ್ಲ ಗೊತ್ತಾಗುತ್ತಿತ್ತು. ಈಗ ಡೈರೆಕ್ಟರ್ ದೂರದಲ್ಲಿ ಕಪ್ಪು ಬಟ್ಟೆಯ ಮರೆಯಲ್ಲಿ ಸ್ಕ್ರೀನ್ ನೋಡುತ್ತಿರುತ್ತಾರೆ, ದನಿ ವಾಕಿಟಾಕಿಯಲ್ಲಿ ಬರುತ್ತದೆ. ಕಟ್ ಆದ ಮೇಲೆ ಇವನ ಕಣ್ಣು ಅಭ್ಯಾಸಬಲದಿಂದ ಕ್ಯಾಮೆರಾ ಪಕ್ಕಕ್ಕೆ ಹೋಗುತ್ತದೆ, ಅಲ್ಲಿ ಫೋಕಸ್ ಎಳೆಯುವ ಹುಡುಗ ಇದ್ದಾನೆ. ಇದನ್ನು ಒಂದು ಡೈಲಾಗೂ ಇಲ್ಲದೆ ತೋರಿಸಬಹುದು. ಎರಡು ಮೂರು ಸಲ ತೋರಿಸಿದರೆ ಸಾಕು, ಆಮೇಲೆ ಒಂದು ದಿನ ಡೈರೆಕ್ಟರ್ ಮಾನಿಟರ್ ಬಿಟ್ಟು ಬಂದು ಕ್ಯಾಮೆರಾ ಪಕ್ಕ ಕೂತರೆ ಅದೇ ನಿಮ್ಮ ಸಿನಿಮಾದ ದೊಡ್ಡ ಸೀನ್ ಆಗಬಹುದು.

ಬೆಂಗಳೂರನ್ನು ಹೇಗೆ ತರುವುದು

ಕಪಾಲಿ ಥಿಯೇಟರ್ ಇದ್ದ ಜಾಗದ ಮುಂದೆ ನಿಂತು ನಿಟ್ಟುಸಿರು ಬಿಡುವ ಸೀನ್ ಬೇಡ. ಎಲ್ಲರೂ ಅದನ್ನೇ ಬರೆಯುತ್ತಾರೆ. ಈ ಊರಿನ ನಟ ಆ ರಸ್ತೆಯಲ್ಲಿ ವಾರಕ್ಕೊಮ್ಮೆ ಓಡಾಡುತ್ತಾನೆ, ಪ್ರತಿ ಸಲ ನಿಂತು ನೋಡಲು ಅವನಿಗೆ ಪುರುಸೊತ್ತಿಲ್ಲ.

ನವೆಂಬರ್ ತಿಂಗಳು ಬರೆಯಿರಿ. ಬೆಂಗಳೂರಿನಲ್ಲಿ ಕನ್ನಡ ರಾಜ್ಯೋತ್ಸವ 1ನೇ ತಾರೀಖಿಗೆ ಮುಗಿಯುವುದಿಲ್ಲ, ತಿಂಗಳಿಡೀ ನಡೆಯುತ್ತದೆ. ಆಟೋ ಸ್ಟ್ಯಾಂಡ್, ಮಾರ್ಕೆಟ್, ಬಡಾವಣೆಯ ಯುವಕರ ಸಂಘ, ಎಲ್ಲರದ್ದೂ ಒಂದೊಂದು ವೇದಿಕೆ, ಆರ್ಕೆಸ್ಟ್ರಾ, ಹಳದಿ ಕೆಂಪು ಬಾವುಟ. ಹಳೆಯ ನಟರಿಗೆ ಕರೆ ಬರುವುದು ಈ ತಿಂಗಳಲ್ಲೇ. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಜೊತೆಗೊಂದು ಕವರ್. ಸಂಜೆ ಆರಕ್ಕೆ ಅಂತ ಕರೆದು ಒಂಬತ್ತೂವರೆಗೆ ವೇದಿಕೆಗೆ ಹತ್ತಿಸುತ್ತಾರೆ. ನಿರೂಪಕ "ಒಂದು ಡೈಲಾಗ್ ಹೊಡೀರಿ ಸರ್!" ಅಂತಾನೆ.

ಬರೆಯುವವರು ಬಹಳ ಜನ ಇಲ್ಲಿ ಅವನಿಗೆ ಅವಮಾನ ಮಾಡಿಸುತ್ತಾರೆ. ಮೈಕ್ ಕೈಕೊಡುತ್ತದೆ, ಜನ ಎದ್ದು ಹೋಗುತ್ತಾರೆ, ಹೀಗೆಲ್ಲ. ಹಾಗೆ ಮಾಡದೆ ಅವನ ಕೈಗೆ ಕೆಲಸ ಕೊಡಿ. ಶ್ರೀರಾಮಪುರದ ಒಂದು ಗಲ್ಲಿಯ ವೇದಿಕೆ ಅಂದುಕೊಳ್ಳಿ. ಅವನು ಮೊದಲು ಸೌಂಡ್ ಹುಡುಗನ ಕಡೆ ತಿರುಗಿ "ಎಕೋ ತೆಗಿ ಮರಿ" ಅನ್ನುತ್ತಾನೆ. ಆರ್ಕೆಸ್ಟ್ರಾದವರಿಗೆ ಎಕೋ ಬೇಕು, ಮಾತಿಗೆ ಬೇಡ, ಅದು ಅವನಿಗೆ ಗೊತ್ತು. ಮೈಕನ್ನು ಬಾಯಿಂದ ಒಂದು ಗೇಣು ದೂರ ಹಿಡಿಯುತ್ತಾನೆ. ಮುಂದಿನ ಸಾಲಿನ ಮಕ್ಕಳು ಗಲಾಟೆ ಮಾಡುತ್ತಿದ್ದಾರೆ, ಅವರಿಗೆ ಇವನು ಯಾರಂತಲೇ ಗೊತ್ತಿಲ್ಲ. ಅವನು ದನಿ ಏರಿಸುವುದಿಲ್ಲ, ಇಳಿಸುತ್ತಾನೆ. ಒಂದು ನಿಮಿಷ ಆ ಬೀದಿ ಕೇಳಿಸಿಕೊಳ್ಳುತ್ತದೆ. ಆಮೇಲೆ ಆರ್ಕೆಸ್ಟ್ರಾ ಹಾಡು ಶುರು, ಮಕ್ಕಳು ಮತ್ತೆ ಕುಣಿಯುತ್ತಾರೆ, ಅವನು ಹಣ್ಣಿನ ಬುಟ್ಟಿ ಹಿಡಿದು ಕ್ಯಾಬ್‌ಗೆ ಕಾಯುತ್ತಾನೆ. ಆ ಒಂದು ನಿಮಿಷದಲ್ಲಿ ಇವನಿಗೆ ಇನ್ನೂ ಕೆಲಸ ಗೊತ್ತು ಅಂತ ನೋಡುವವರಿಗೆ ತಿಳಿಯಿತು. ಇನ್ನು ಮುಂದೆ ಅವನು ಸೆಟ್ಟಿನಲ್ಲಿ ತಡವರಿಸಿದರೆ ಅವರಿಗೆ ಸಂಕಟ ಆಗುತ್ತದೆ. ಈ ಸೀನ್ ಅರ್ಧಕ್ಕಿಂತ ಮೊದಲೇ ಬರಬೇಕು.

ಜನ ಗುರುತು ಹಿಡಿಯುವ ಸೀನೂ ಬೇಕೇಬೇಕು, ಆದರೆ ಅದು ಪೂರ್ತಿ ಸಿಹಿಯೂ ಬೇಡ, ಪೂರ್ತಿ ಕಹಿಯೂ ಬೇಡ. ಮೆಟ್ರೋದಲ್ಲಿ ಒಬ್ಬರು ನೋಡಿ ನಗುತ್ತಾರೆ, ಹತ್ತಿರ ಬಂದು ಬೇರೆ ನಟನ ಹೆಸರು ಹೇಳುತ್ತಾರೆ. ಇವನು ತಿದ್ದುವುದಿಲ್ಲ, ಸೆಲ್ಫಿಗೆ ನಿಲ್ಲುತ್ತಾನೆ. ಅಷ್ಟೇ. ಮುಂದಿನ ಸೀನಿಗೆ ಹೋಗಿ. ಮೆಟ್ರೋ ಒಳಗೆ ಶೂಟ್ ಮಾಡಲು ನಿಗಮದ ಅನುಮತಿ, ಶುಲ್ಕ ಎಲ್ಲ ಬೇಕು. ಬಜೆಟ್ ಇಲ್ಲದಿದ್ದರೆ ಬಿಎಂಟಿಸಿ ಸ್ಟಾಪಿನ ಥರ ಒಂದು ಜಾಗಕ್ಕೆ ಬದಲಾಯಿಸಿ, ಸೀನ್ ಏನೂ ಕೆಡುವುದಿಲ್ಲ.

ಅವನ ಹಳೆಯ ಸಿನಿಮಾವನ್ನು ನೀವೇ ಹುಟ್ಟಿಸಬೇಕು

ನಿಜವಾದ ಹಳೆಯ ಸಿನಿಮಾದ ತುಣುಕು ಹಾಕಲು ಹಕ್ಕು ಇರುವವರ ಒಪ್ಪಿಗೆ ಬೇಕು, ದುಡ್ಡೂ ಬೇಕು. ಅದಕ್ಕಿಂತ ಎರಡು ನಿಮಿಷದ ಹಳೆಯ ಸಿನಿಮಾವನ್ನು ನೀವೇ ತೆಗೆಯುವುದು ಒಳ್ಳೆಯದು. 1980ರ ದಶಕದ ನೆನಪು ತರುವುದು ಬಣ್ಣಕ್ಕಿಂತ ಜಾಸ್ತಿ ಜೂಮ್. ದೂರದಿಂದ ಹೀರೋ ಕಣ್ಣಿಗೆ ಸರಕ್ಕನೆ ಜೂಮ್ ಹೋಗಬೇಕು. ಮಾತು ಹೊರಾಂಗಣದ್ದಾದರೂ ದನಿ ಮುಚ್ಚಿದ ಕೋಣೆಯದ್ದಾಗಿರಬೇಕು, ಡಬ್ಬಿಂಗ್ ಆದದ್ದು ಹಾಗೇ ಕೇಳಿಸುವುದು. ಹಾಡಿನಲ್ಲಿ ಪ್ರತಿ ಚರಣಕ್ಕೂ ಬಟ್ಟೆ ಬದಲಾಗಬೇಕು. ಲಾಲ್‌ಬಾಗ್ ಅಥವಾ ಕಬ್ಬನ್ ಪಾರ್ಕ್ ಹಿನ್ನೆಲೆ ಬೇಕೆನಿಸಿದರೆ ತೋಟಗಾರಿಕೆ ಇಲಾಖೆಯನ್ನು ಮೊದಲೇ ಕೇಳಿ. ಸಿಗದಿದ್ದರೆ ಊರ ಹೊರಗಿನ ಯಾವುದಾದರೂ ನರ್ಸರಿ ಸಾಕು.

ಒಂದು ವಿನಂತಿ. ಆ ಹಳೆಯ ತುಣುಕನ್ನು ನಗಿಸಲು ಮಾಡಬೇಡಿ. ಆ ಸಿನಿಮಾ ಅದರ ಕಾಲಕ್ಕೆ ಚೆನ್ನಾಗಿತ್ತು, ಆ ನಟ ಅದರಲ್ಲಿ ಚೆನ್ನಾಗಿ ಮಾಡಿದ್ದ ಅಂತ ಕಾಣಬೇಕು. ಅಲ್ಲಿ ನಕ್ಕವರು ಮುಂದೆ ಅವನ ಜೊತೆ ನಿಲ್ಲುವುದಿಲ್ಲ.

ಪಾತ್ರಕ್ಕೆ ಯಾರು

ಈ ಕಥೆಯಲ್ಲಿ ನಟನ ಸ್ವಂತ ಜೀವನವೂ ಪರದೆ ಮೇಲೆ ಬರುತ್ತದೆ, ಇದನ್ನು ತಪ್ಪಿಸಲು ಆಗುವುದಿಲ್ಲ. 1950ರ 'ಸನ್‌ಸೆಟ್ ಬುಲೆವಾರ್ಡ್'ನಲ್ಲಿ ಮರೆತುಹೋದ ಮೂಕಿಚಿತ್ರಗಳ ತಾರೆಯಾಗಿ ಮಾಡಿದ ಗ್ಲೋರಿಯಾ ಸ್ವಾನ್ಸನ್ ನಿಜಕ್ಕೂ ಮೂಕಿ ಕಾಲದ ದೊಡ್ಡ ತಾರೆ. ಅವಳ ಮನೆಯ ಆಳಾಗಿ ಮಾಡಿದ ಎರಿಕ್ ವಾನ್ ಸ್ಟ್ರೊಹೈಮ್ ಹಿಂದೆ ನಿಜಕ್ಕೂ ಸ್ವಾನ್ಸನ್ ಅವರನ್ನು ನಿರ್ದೇಶಿಸಿದ್ದವರು. ಅವರಿಬ್ಬರೂ ಸೇರಿ ಮಾಡಿದ್ದ ಹಳೆಯ ಚಿತ್ರದ ತುಣುಕೇ ಈ ಸಿನಿಮಾದೊಳಗೆ ಓಡುತ್ತದೆ. 2014ರ 'ಬರ್ಡ್‌ಮ್ಯಾನ್'ನಲ್ಲಿ ಹಳೆಯ ಸೂಪರ್‌ಹೀರೋ ನಟನಾಗಿ ಮಾಡಿದ ಮೈಕಲ್ ಕೀಟನ್ 1989 ಮತ್ತು 1992ರಲ್ಲಿ ಬ್ಯಾಟ್‌ಮ್ಯಾನ್ ಆಗಿದ್ದವರು. ಆ ಪಾತ್ರ ನ್ಯೂಯಾರ್ಕಿನ ರಂಗಭೂಮಿಯಲ್ಲಿ ನಾಟಕ ಮಾಡಿ ಮತ್ತೆ ಹೆಸರು ಗಳಿಸಲು ಹೊರಡುತ್ತದೆ. ಎರಡರಲ್ಲೂ ನಟರಿಗೆ ಈ ಹೋಲಿಕೆ ಗೊತ್ತಿದ್ದೇ ಒಪ್ಪಿದ್ದರು.

ನಮ್ಮಲ್ಲಿ ಹಾಗೆ ಕೇಳುವುದು ಸುಲಭವಿಲ್ಲ. ಹಿರಿಯ ನಟರ ಮನೆಗೆ ಹೋಗಿ "ಸರ್, ಫೀಲ್ಡ್ ಔಟ್ ಆದ ನಟನ ಪಾತ್ರ ಇದೆ" ಅಂದರೆ ಕಾಫಿ ಕೊಟ್ಟು ಕಳಿಸುತ್ತಾರೆ, ಕಳಿಸಲೇಬೇಕು. ಕಥೆಯನ್ನು ಸೀನ್ ಸೀನಾಗಿ ಹೇಳಿ. ಪ್ರಾಂಪ್ಟಿಂಗ್ ವಿಷಯ ಹೇಳಿ, ಹುರುಳಿಕಾಯಿ ಸೀನ್ ಹೇಳಿ. ತಾನು ಕಂಡ ಕಷ್ಟವನ್ನು ಯಾರೋ ಸರಿಯಾಗಿ ನೋಡಿದ್ದಾರೆ ಅಂತ ಅನ್ನಿಸಿದರೆ ಅವರಾಗಿಯೇ ಹತ್ತಿರ ಬರುತ್ತಾರೆ. ದೊಡ್ಡ ಹೆಸರಿನ ನಟರೇ ಬೇಕು ಅನ್ನುವ ಆಸೆ ಬಿಟ್ಟರೆ ಇನ್ನೂ ಒಳ್ಳೆಯವರು ಸಿಗುತ್ತಾರೆ. ಎಂ.ವಿ. ವಾಸುದೇವರಾವ್ ವರ್ಷಗಟ್ಟಲೆ ಚಿಕ್ಕ ಚಿಕ್ಕ ಪಾತ್ರ ಮಾಡಿಕೊಂಡಿದ್ದವರು. 1975ರ 'ಚೋಮನ ದುಡಿ'ಯಲ್ಲಿ ಚೋಮನಾಗಿ ರಾಷ್ಟ್ರಮಟ್ಟದ ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ಯಾವ ಪಾತ್ರ ಯಾರಲ್ಲಿ ಕಾದು ಕೂತಿದೆ ಅಂತ ಮುಖ ನೋಡಿ ಹೇಳಲಾಗದು. ರಂಗಶಂಕರದಲ್ಲೋ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲೋ ನಾಟಕ ನೋಡಿ. ಅರವತ್ತು ದಾಟಿದವರು ಎಷ್ಟು ಜನ ಇನ್ನೂ ಬಣ್ಣ ಹಚ್ಚುತ್ತಿದ್ದಾರೆ ಅಂತ ಗೊತ್ತಾಗುತ್ತದೆ.

ಅವನು ಯಾವ ಬಾಗಿಲಿಂದ ಮರಳಿ ಬರುತ್ತಾನೆ

ಸೀರಿಯಲ್ಲಿನ ಅಪ್ಪ, ಯುವ ನಿರ್ದೇಶಕನ ಮೊದಲ ಸಿನಿಮಾ, ವೆಬ್ ಸರಣಿ, ನಾಟಕ. ಯಾವುದಾದರೂ ಆಗಬಹುದು. ಸೀರಿಯಲ್ ಆರಿಸಿದರೆ ಆ ಜಾಗದ ವೇಗ ತೋರಿಸಿ. ಡೈಲಾಗ್ ಪೇಪರ್ ಅವತ್ತು ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಬರುತ್ತದೆ, ಕನ್ನಡಕ ಹುಡುಕುವುದರೊಳಗೆ ಲೈಟಿಂಗ್ ಆಗಿರುತ್ತದೆ. ನಾಟಕ ಆರಿಸಿದರೆ ಇನ್ನೂ ಕಷ್ಟ, ಇನ್ನೂ ಚೆಂದ. ಸಿನಿಮಾದಿಂದಲೇ ಬಂದವನಿಗೆ ಎರಡು ಗಂಟೆ ನಿಲ್ಲದೆ ಆಡುವುದು ಹೊಸದು, ಕೊನೆ ಸಾಲಿಗೆ ದನಿ ಮುಟ್ಟಿಸುವುದು ಹೊಸದು. ಕಟ್ ಇಲ್ಲ.

ಮಗ, ಮಗಳು, ಸೊಸೆ ಪಾತ್ರಗಳನ್ನು ಖಳರನ್ನಾಗಿ ಮಾಡುವ ಚಟ ಬಿಡಿ. ಅಪ್ಪ ಈ ವಯಸ್ಸಿನಲ್ಲಿ ಯಾಕೆ ಪ್ರೊಡಕ್ಷನ್ ಆಫೀಸಿನ ಬೆಂಚಿನ ಮೇಲೆ ಕಾಯಬೇಕು ಅಂತ ಮಗಳಿಗೆ ಸಿಟ್ಟು ಬಂದರೆ ಅದು ಪ್ರೀತಿಯೇ. ಅವಳ ಸಿಟ್ಟಿಗೆ ನ್ಯಾಯವಾದ ಕಾರಣ ಕೊಡಿ. ಅವಳು ಚಿಕ್ಕವಳಿದ್ದಾಗ ಅಪ್ಪ ಔಟ್‌ಡೋರ್ ಶೂಟಿಂಗ್ ಅಂತ ತಿಂಗಳುಗಟ್ಟಲೆ ಮನೆಯಲ್ಲಿರಲಿಲ್ಲ. ಈಗ ಮನೆಯಲ್ಲಿದ್ದಾನೆ, ಅವಳಿಗೆ ಅದು ಬೇಕು.

ಕೊನೆ ಹೇಗೆ? ಶತದಿನೋತ್ಸವ ಬೇಡ, ವೇದಿಕೆ ಮೇಲೆ ಸಾಯುವುದೂ ಬೇಡ. ಸೆಟ್ಟಿನಲ್ಲಿ ಅವನು ಒಂದು ಸೀನನ್ನು ಸರಿಯಾಗಿ ಮಾಡುವುದು ಸಾಕು. ಪ್ರಾಂಪ್ಟ್ ಇಲ್ಲದೆ, 'ಆದರೂ' ಬಿಡದೆ. ಸಿನಿಮಾ ಗೆದ್ದಿತೋ ಸೋತಿತೋ ಹೇಳುವ ಅಗತ್ಯ ಇಲ್ಲ, ಮಾರನೇ ದಿನದ ಕಾಲ್‌ಶೀಟ್ ಇದೆಯಾ ಅಂತ ಮ್ಯಾನೇಜರ್ ಹತ್ತಿರ ಕೇಳಿದರೆ ಮುಗಿಯಿತು. ಹಾಗಂತ ಪೂರ್ತಿ ಸೋಲಿಸುವುದೂ ನನಗೆ ಇಷ್ಟವಿಲ್ಲ. ಸೋಲಿಸಿದರೆ ಗಂಭೀರ ಸಿನಿಮಾ ಅನ್ನುವ ನಂಬಿಕೆ ನಮ್ಮಲ್ಲಿ ಜಾಸ್ತಿಯಾಗಿದೆ.

ಮೊದಲ ಡ್ರಾಫ್ಟ್ ಆದ ಮೇಲೆ

ಸ್ನೇಹಿತರಿಗೆ ಪಿಡಿಎಫ್ ಕಳಿಸಿ "ಹೇಗಿದೆ ಮಗಾ" ಅಂತ ಕೇಳುವುದು ಆಮೇಲೆ ಇರಲಿ. ಮೊದಲು ಅರವತ್ತು ದಾಟಿದ ಒಬ್ಬ ಕಲಾವಿದರಿಗೆ ಪೂರ್ತಿ ಓದಿ ಹೇಳಿ. ನೀವೇ ಓದಿ, ಅವರ ಕೈಗೆ ಕೊಡಬೇಡಿ. ಬೆಳಿಗ್ಗೆ ಹೊತ್ತು ಹೋಗಿ, ಒಂದೇ ಸಲ ಕೂತು ಮುಗಿಸಿ, ನಡುವೆ ವಿವರಣೆ ಕೊಡಬೇಡಿ. ಅವರು ಎಲ್ಲಿ "ಹೀಗಿರಲ್ಲಪ್ಪ" ಅಂತಾರೋ ಅಲ್ಲಿ ಗುರುತು ಹಾಕಿ. ಎಲ್ಲಿ ಸುಮ್ಮನಾಗುತ್ತಾರೋ ಅಲ್ಲೂ ಗುರುತು ಹಾಕಿ, ಆದರೆ ಯಾಕೆ ಅಂತ ಅವತ್ತೇ ಕೇಳಬೇಡಿ. ಅವರು ತಮ್ಮ ಒಂದು ಘಟನೆ ಹೇಳಿದರೆ ಅದನ್ನು ಸ್ಕ್ರಿಪ್ಟಿಗೆ ಹಾಕುವ ಮೊದಲು ಒಪ್ಪಿಗೆ ಕೇಳಿ, ಟೈಟಲ್ ಕಾರ್ಡಿನಲ್ಲಿ ಅವರ ಹೆಸರು ಹಾಕಬಹುದಾ ಅಂತಲೂ ಕೇಳಿ. ಹೋಗುವಾಗ ಹಣ್ಣು ತಗೊಂಡು ಹೋಗುವುದು ಸರಿ, ಆದರೆ ಅದರ ಜೊತೆ ಆ ದಿನದ ಪೇಮೆಂಟನ್ನೂ ಕವರಿನಲ್ಲಿ ಹಾಕಿ ಕೊಡಿ, ಎಷ್ಟು ಚಿಕ್ಕದಾದರೂ ಪರವಾಗಿಲ್ಲ, ವೋಚರಿಗೆ ಸಹಿ ಹಾಕಿಸಿಕೊಳ್ಳಿ.